ಫಕ್ಕನೆ ಹೇಳ್ಲಿಕ್ಕೆ ಬರುದಿಲ್ಲ

(ಉಡುಪಿಯಲ್ಲಿ ಓದುಗರು, ಮೇಷ್ಟ್ರುಗಳು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಬಿಟ್ಟುಹೋದ ಒಂದೆರಡು ಉದಾಹರಣೆಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಒಂದು ದಿನ ನನ್ನ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಹಿಡಿದುಕೊಂಡು ಬಂದಳು. ಅನುವಾದದ ಅಭ್ಯಾಸಕ್ಕೆ ಕೊಟ್ಟಿದ್ದ ಕತೆಯೊಂದರ ಇಂಗ್ಲಿಷ್ ಸಾಲು ಇಷ್ಟೇ: ‘ಹೀ ವಾಸ್ ಅಬ್ರಪ್ಟ್ ವಿತ್ ಹರ್’. ಅವಳು ನಿಘಂಟು ತೆರೆದು ಮೊದಲು ಸಿಕ್ಕಿದ ಅರ್ಥವನ್ನು ಹಾಕಿ ಬರೆದಿದ್ದಳು: ‘ಅವನು ಅವಳೊಂದಿಗೆ ಹಠಾತ್ ಆಗಿದ್ದನು.’ ಬರೆದದ್ದು ಸರಿಯಿಲ್ಲ ಅಂತ ಅವಳಿಗೇ ಅನಿಸಿತ್ತು. ಅದಕ್ಕೇ ಬಂದದ್ದು.

“ಸರ್, ಇದಕ್ಕೆ ಕನ್ನಡದಲ್ಲಿ ಎಂತ ಹೇಳುದು?”

ನಾನು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದೆ. ಆಮೇಲೆ ಹೇಳಿದೆ: “ಫಕ್ಕನೆ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ನಾಳೆ ಹೇಳ್ತೇನೆ.”

ಅವಳು “ಆಯ್ತು ಸರ್” ಅಂತ ಹೋದಳು. ಅವಳ ಮುಖದಲ್ಲಿ ಬೇಸರ ಇರಲಿಲ್ಲ. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ನನಗೆ ನನ್ನ ಮಾತೇ ಮತ್ತೆ ಮತ್ತೆ ನೆನಪಾಯಿತು. ಅವಳು ಕೇಳಿದ್ದು ‘ಒಮ್ಮೆಲೇ, ಒರಟಾಗಿ’ ಅನ್ನುವ ಅರ್ಥದ ಒಂದು ಪದ. ನಾನು ಕೊಟ್ಟ ಉತ್ತರದಲ್ಲೂ ‘ಒಮ್ಮೆಲೇ’ ಅನ್ನುವ ಅರ್ಥದ ಪದವೇ ಇತ್ತು. ಆದರೆ ಆ ಉತ್ತರದಲ್ಲಿ ಒರಟುತನ ಎಳ್ಳಷ್ಟೂ ಇರಲಿಲ್ಲ. ಅದೇ ನಾನು ‘ಗೊತ್ತಿಲ್ಲ’ ಅಂದಿದ್ದರೆ? ಒಂದೇ ಪದ, ಬೇಗ ಮುಗಿಯುತ್ತಿತ್ತು. ಹುಡುಗಿ ಮತ್ತೆ ನನ್ನ ಹತ್ತಿರ ಏನನ್ನಾದರೂ ಕೇಳಲು ಬರುತ್ತಿದ್ದಳೋ ಇಲ್ಲವೋ. ಇವತ್ತು ನಾನು ಮಾತಾಡಲು ಹೊರಟಿರುವುದು ಈ ವ್ಯತ್ಯಾಸದ ಬಗ್ಗೆ.

ಮೊದಲು ಆ ಇಂಗ್ಲಿಷ್ ಪದವನ್ನು ಮುಗಿಸಿಬಿಡುತ್ತೇನೆ. ಅಬ್ರಪ್ಟ್ ಲ್ಯಾಟಿನ್‌ನಿಂದ ಬಂದದ್ದು. ‘ಅಬ್’ ಅಂದರೆ ಬೇರೆಯಾಗಿ, ಆಚೆಗೆ. ‘ರುಂಪೆರೆ’ ಅಂದರೆ ಮುರಿ. ಎರಡೂ ಸೇರಿ ‘ಮುರಿದು ಬೇರೆಯಾದದ್ದು’. ಇಂಟರಪ್ಟ್, ಕರಪ್ಟ್, ಬ್ಯಾಂಕ್ರಪ್ಟ್ – ಇವುಗಳ ಒಳಗೂ ಅದೇ ಮುರಿಯುವ ಬೇರು ಇದೆ. ಇದರ ಜೊತೆಗೆ ಓಡಾಡುವ ‘ಕರ್ಟ್’ ಪದದ ಮೂಲ ‘ಕುರ್ತುಸ್’, ಅಂದರೆ ಕತ್ತರಿಸಿ ಮೊಟಕು ಮಾಡಿದ್ದು. ಹಾಗಾಗಿ ಇಂಗ್ಲಿಷಿನಲ್ಲಿ ಅಬ್ರಪ್ಟ್ ಮೂರು ಕಡೆ ಕೆಲಸ ಮಾಡುತ್ತದೆ. ನೋಡ್ತಾ ನೋಡ್ತಾ ನಡೆದುಹೋಗುವ ಘಟನೆ ಅಬ್ರಪ್ಟ್. ಎರಡೇ ಮಾತಿನಲ್ಲಿ ಮುಗಿಸಿ ಮುಖ ತಿರುಗಿಸುವ ಮನುಷ್ಯ ಅಬ್ರಪ್ಟ್. ನೇರ ಎದ್ದು ನಿಂತ ಗುಡ್ಡವೂ ಅಬ್ರಪ್ಟ್.

ಕನ್ನಡದಲ್ಲಿ ಈ ಮೂರಕ್ಕೂ ಒಂದೇ ಪದ ಹಾಕಿದರೆ ನಡೆಯುವುದಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಗೆ ನಾವು ‘ಕಡಿದಾದ’ ಅನ್ನುತ್ತೇವೆ. ಕೇಳುವಾಗ ‘ಕಡಿ’, ಅಂದರೆ ಕತ್ತರಿಸು ಅಂತ ಕೇಳುತ್ತದೆ. ಆದರೆ ಹಿರಿದು, ಕಿರಿದು ಇರುವ ಹಾಗೆ ‘ಕಡು’ವಿನಿಂದ ಆದದ್ದು ಈ ಕಡಿದು. ಕಡುಬಡತನ, ಕಡುಕಷ್ಟದಲ್ಲಿರುವ ಅದೇ ಕಡು. ನಮ್ಮ ಹಿರಿಯರು ಆ ಏರನ್ನು ಕಂಡಾಗ ಮುರಿದ ಬಂಡೆಯನ್ನು ನೋಡಲಿಲ್ಲ, ಹತ್ತುವವನ ಕಷ್ಟವನ್ನು ನೋಡಿದರು. ನನಗೆ ಇದು ತುಂಬಾ ಇಷ್ಟ.

ಗುಡ್ಡದ ಮಾತು ಸಾಕು. ಉಳಿದದ್ದು ಎರಡು: ಫಕ್ಕನೆ ಆಗುವುದು, ಫಕ್ಕನೆ ಆಡುವುದು.

ಫಕ್ಕನೆ ಆಗುವುದಕ್ಕೆ ನಮ್ಮಲ್ಲಿ ಎಷ್ಟು ಪದಗಳಿವೆ ಅಂತ ಒಂದು ಸಲ ಎಣಿಸಿ ನೋಡಿ. ನಾನು ಉಡುಪಿಯಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲೇ ಕೂತು ಎಣಿಸಿದೆ. ಕಾಪು ದಾಟಿದ ಮೇಲೆ ಒಂದು ದನ ಧುತ್ತೆಂದು ರಸ್ತೆಗೆ ಬಂತು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನಿಂತಿದ್ದ ಅಜ್ಜ ಮುಗ್ಗರಿಸುವಾಗ ಪಕ್ಕದ ಹುಡುಗ ಚಕ್ಕನೆ ಅವರ ಕೈ ಹಿಡಿದ. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಮಗು ದಿಗ್ಗನೆ ಎದ್ದು ಕೂತಿತು. ಯಾರೋ ಫಕ್ಕನೆ ನಕ್ಕರು. ಅಷ್ಟೂ ನಡೆದದ್ದು ಎರಡು ಮೂರು ಸೆಕೆಂಡಿನಲ್ಲಿ. ಐದು ಪದಗಳೂ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ‘ದನ ಗಕ್ಕನೆ ಬಂತು’ ಅಂದರೆ ಕಿವಿ ಒಪ್ಪುವುದಿಲ್ಲ. ಗಕ್ಕನೆ ಅನ್ನುವುದು ನಿಲ್ಲುವ ಪದ. ಓಡುತ್ತಿದ್ದದ್ದು ನಿಂತಾಗ ಮಾತ್ರ ಅದಕ್ಕೆ ಕೆಲಸ. ಧುತ್ತೆಂದು ಅನ್ನುವುದು ಎದುರಿಗೆ ಬಂದು ನಿಲ್ಲುವ ಪದ. ಅದು ಬರಬೇಕಾದರೆ ನೋಡುವವನೊಬ್ಬ ಇರಬೇಕು, ಅವನ ಎದೆ ಒಂದು ಸಲ ಝಲ್ಲೆನ್ನಬೇಕು. ಚಕ್ಕನೆಯಲ್ಲಿ ಚುರುಕುತನ ಇದೆ. ಥಟ್ಟನೆ ಅನ್ನುವುದು ಜಾಸ್ತಿಯಾಗಿ ತಲೆಗೆ ಸಂಬಂಧಪಟ್ಟದ್ದು: ಥಟ್ಟನೆ ನೆನಪಾಯಿತು, ಥಟ್ಟನೆ ಹೊಳೆಯಿತು. ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮಕ್ಕೆ ‘ಥಟ್ ಅಂತ ಹೇಳಿ’ ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ. ‘ಗಕ್ಕನೆ ಹೇಳಿ’ ಅಂತ ಇಟ್ಟಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಿಘಂಟಿನಲ್ಲಿ ಹುಡುಕಿದರೆ ಇವುಗಳಿಗೆಲ್ಲ ಹೆಚ್ಚುಕಮ್ಮಿ ಒಂದೇ ಅರ್ಥ ಸಿಗುತ್ತದೆ: ಬೇಗನೆ, ಒಮ್ಮೆಲೇ, ಕೂಡಲೇ. ಅದು ನಿಘಂಟಿನ ತಪ್ಪಲ್ಲ. ನಾವು ಕೂತಿರುವ ಈ ಕರಾವಳಿಗೆ ನಿಘಂಟುಗಳ ದೊಡ್ಡ ಋಣ ಇದೆ, ನಿಘಂಟುಗಳಿಗೂ ಕರಾವಳಿಯ ಋಣ ಇದೆ. ಬಾಸೆಲ್ ಮಿಶನ್‌ನ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದು ಮಂಗಳೂರಿನಿಂದ. ಸುಮಾರು 70 ಸಾವಿರ ಪದಗಳ ಆ ಪುಸ್ತಕದಲ್ಲಿ ಕಾವ್ಯದ ಪದಗಳ ಜೊತೆಗೆ ಜನ ಆಡುವ ಮಾತು, ಗಾದೆಗಳೂ ಇವೆ. ಅದಕ್ಕೂ ಮೊದಲು, 1886ರಲ್ಲಿ, ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲೇ ಅಚ್ಚಾಯಿತು. ಆಮೇಲೆ ನಮ್ಮ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟಿನ ಆರು ಸಂಪುಟಗಳು ಬಂದವು, 1988ರಿಂದ 1997ರವರೆಗೆ. ಇವರೆಲ್ಲ ಪದಗಳನ್ನು ಉಳಿಸಿಕೊಟ್ಟರು. ಆದರೆ ಯಾವ ಪದವನ್ನು ಯಾವಾಗ, ಯಾರ ಹತ್ತಿರ, ಯಾವ ದನಿಯಲ್ಲಿ ಆಡಬೇಕು ಅನ್ನುವುದನ್ನು ಪುಸ್ತಕ ಪೂರ್ತಿ ಹೇಳಲಾರದು. ಅದನ್ನು ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಕಲಿಯಬೇಕು.

ಈ ಪದಗಳ ಕಟ್ಟೋಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೊನೆಯ ‘ಅನೆ’ ಇದೆಯಲ್ಲ, ಅದು ‘ಎನ್ನು’ ಅನ್ನುವ ಕ್ರಿಯಾಪದದ ಕಡೆಯಿಂದ ಬಂದದ್ದು. ಥಟ್ಟ್ ಎನೆ, ಥಟ್ಟನೆ. ಅಂದರೆ ‘ಥಟ್ ಅಂತ ಹೇಳುವ ಹಾಗೆ’. ಲೋಕವೇ ಒಂದು ಶಬ್ದವನ್ನು ಹೇಳಿತು, ನಾವು ಅದನ್ನು ಕೇಳಿ ಹಾಗೇ ವರದಿ ಮಾಡಿದೆವು ಅನ್ನುವ ಲೆಕ್ಕ. ಹಳಗನ್ನಡದಲ್ಲಿ ‘ಭೋಂಕನೆ’ ಅಂತ ಒಂದು ಪದ ಇತ್ತು, ಇದ್ದಕ್ಕಿದ್ದಂತೆ ಅನ್ನುವ ಅರ್ಥಕ್ಕೆ. ಈಗ ಯಾರೂ ಆಡುವುದಿಲ್ಲ. ಆದರೂ ಕೇಳಿದ ಕೂಡಲೇ ಏನೋ ಎರಗಿತು ಅಂತ ಗೊತ್ತಾಗುತ್ತದೆ, ಅಲ್ವಾ?

ಇನ್ನು ನಡುವಿನ ಒತ್ತಕ್ಷರ. ಫಕ್ಕನೆ, ಥಟ್ಟನೆ, ಗಕ್ಕನೆ, ಪಟ್ಟನೆ, ಧುತ್ತನೆ. ಕ್ಕ, ಟ್ಟ, ತ್ತ. ನಿಧಾನವಾಗಿ ಹೇಳಿ ನೋಡಿ. ಬಾಯಿಯೊಳಗೆ ಉಸಿರು ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ, ಆಮೇಲೆ ಬಿಡುಗಡೆಯಾಗುತ್ತದೆ. ಘಟನೆ ಹೊರಗೆ ಹೇಗೆ ಆಯಿತೋ ಹಾಗೆಯೇ ಬಾಯಿಯಲ್ಲೂ ಆಗುತ್ತದೆ. ಈಗ ಮೆಲ್ಲನೆ, ಸುಮ್ಮನೆ, ನುಣ್ಣನೆ, ತಣ್ಣನೆ ಅಂತ ಹೇಳಿ. ಲ್ಲ, ಮ್ಮ, ಣ್ಣ – ಉಸಿರು ಎಲ್ಲೂ ಪೂರ್ತಿ ಕಟ್ಟಿಕೊಳ್ಳುವುದಿಲ್ಲ, ಹರಿಯುತ್ತಲೇ ಇರುತ್ತದೆ. ಇನ್ನೊಂದು ಸ್ವಾರಸ್ಯ ‘ಸರ್ರನೆ’. ಹಾವು ಸರ್ರನೆ ಹೋಯಿತು. ಅದು ವೇಗದ ಪದವೇ. ಆದರೆ ಅದರಲ್ಲಿ ತಡೆ ಇಲ್ಲ, ಮುರಿತ ಇಲ್ಲ. ರ್ರ ಹರಿಯುವ ಅಕ್ಷರ. ಅದಕ್ಕೇ ಸರ್ರನೆ ಹೋದ ಹಾವನ್ನು ನಾವು ಕಣ್ಣಿನಿಂದ ಹಿಂಬಾಲಿಸುತ್ತೇವೆ, ಫಕ್ಕನೆ ಆರಿದ ದೀಪವನ್ನು ಹಿಂಬಾಲಿಸಲು ಆಗುವುದಿಲ್ಲ. ಇದು ನಿಯಮ ಅಂತ ನಾನು ಹೇಳುವುದಿಲ್ಲ. ಬೆಚ್ಚನೆ ಇದೆ, ತೆಪ್ಪಗೆ ಇದೆ, ಅವಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಆದರೂ ನಮ್ಮ ನುಡಿಯ ಒಲವು ಈ ಕಡೆಗಿದೆ.

ಇವೆಲ್ಲ ಬಾಯಿಯಿಂದ ಬಂದ ಪದಗಳು. ಪುಸ್ತಕದ ಕಡೆಯಿಂದ ಬಂದವು ಬೇರೆ ಇವೆ: ಹಠಾತ್, ಅಕಸ್ಮಾತ್. ಸಂಸ್ಕೃತದಲ್ಲಿ ಹಠ ಅಂದರೆ ಬಲವಂತ, ಹಠಾತ್ ಅಂದರೆ ಬಲವಂತದಿಂದ. ಕಸ್ಮಾತ್ ಅಂದರೆ ಯಾತರಿಂದ, ಅಕಸ್ಮಾತ್ ಅಂದರೆ ಯಾತರಿಂದ ಅಂತ ಹೇಳಲಾಗದ್ದು. ಈಗ ನಮ್ಮಲ್ಲಿ ಅಕಸ್ಮಾತ್ ಬೇರೆಯೇ ಕೆಲಸ ಹಿಡಿದಿದೆ: ‘ಅಕಸ್ಮಾತ್ ಅವರು ಬಾರದಿದ್ದರೆ?’ ಹಠಾತ್ ಪತ್ರಿಕೆಗೆ ಹೋಗಿ ಕೂತಿದೆ: ಹಠಾತ್ ದಾಳಿ, ಹಠಾತ್ ನಿಧನ. ಅದರ ಪಕ್ಕದಲ್ಲಿ ದಿಢೀರ್: ದಿಢೀರ್ ಪ್ರತಿಭಟನೆ, ದಿಢೀರ್ ಏರಿಕೆ. ದಿಢೀರ್ ಮಾತ್ರ ಪತ್ರಿಕೆಯಿಂದ ಇಳಿದು ಅಡುಗೆಮನೆಗೂ ಬಂದಿದೆ, ದಿಢೀರ್ ದೋಸೆಯಾಗಿ.

ಹಠಾತ್ ಬಗ್ಗೆ ನನಗೆ ಒಂದು ನೋವು ಇದೆ. ಅದನ್ನು ಇಲ್ಲಿ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಅಮ್ಮನಿಗೆ ಗಂಟುನೋವು ಜೋರಾಗಿ ಸ್ಟೆರಾಯ್ಡ್ ಮಾತ್ರೆ ಕೊಟ್ಟಿದ್ದರು. ಎರಡು ತಿಂಗಳು ತಿಂದರು. ನೋವು ಇಳಿಯಿತು. ಒಂದು ಸೋಮವಾರ ಅವರು ಮಾತ್ರೆ ನಿಲ್ಲಿಸಿದರು. ವಾರ ಕಳೆಯುವುದರೊಳಗೆ ಎದ್ದು ನಿಲ್ಲಲಾರದಷ್ಟು ಸುಸ್ತು, ವಾಂತಿ, ತಲೆ ತಿರುಗುವುದು. ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಡಾಕ್ಟರು ವಿವರಿಸಿದರು. ಈ ಬಗೆಯ ಹಾರ್ಮೋನನ್ನು ಮೂತ್ರಪಿಂಡದ ಮೇಲಿರುವ ಸಣ್ಣ ಗ್ರಂಥಿಗಳು ತಾವೇ ತಯಾರಿಸುತ್ತವೆ. ಹೊರಗಿನಿಂದ ಮಾತ್ರೆ ಬರತೊಡಗಿದರೆ ಅವು ಕೆಲಸ ಕಡಿಮೆ ಮಾಡುತ್ತವೆ. ಮತ್ತೆ ಎಚ್ಚರಾಗಲು ಅವಕ್ಕೆ ಸಮಯ ಬೇಕು. ಅದಕ್ಕಾಗಿ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಬರಬೇಕು, ಒಂದೇ ದಿನದಲ್ಲಿ ಬಿಡಬಾರದು.

ಮನೆಗೆ ಬಂದ ಮೇಲೆ ನಾನು ಮಾತ್ರೆಯ ಜೊತೆ ಕೊಟ್ಟಿದ್ದ ಚೀಟಿ ತೆಗೆದು ನೋಡಿದೆ. ಕನ್ನಡದಲ್ಲೇ ಇತ್ತು: ‘ಹಠಾತ್ತನೆ ನಿಲ್ಲಿಸಬಾರದು.’ ಅಮ್ಮ ಏಳನೇ ಕ್ಲಾಸಿನವರೆಗೆ ಓದಿದವರು, ದಿನಾ ಪೇಪರ್ ಓದುತ್ತಾರೆ. ಚೀಟಿಯನ್ನು ಓದಿಯೂ ಇದ್ದರು. “ಓದಿಯೂ ಯಾಕೆ ಬಿಟ್ಟದ್ದು ಅಮ್ಮ?” ಅಂತ ಕೇಳಿದೆ.

“ನಾನು ಹಠಾತ್ತನೆ ಎಲ್ಲಿ ಬಿಟ್ಟದ್ದು ಮಗಾ? ನಾಲ್ಕು ದಿನ ಯೋಚನೆ ಮಾಡಿಯೇ ಬಿಟ್ಟದ್ದು.”

ನನಗೆ ಮಾತು ಹೊರಡಲಿಲ್ಲ. ಅಮ್ಮ ಹೇಳಿದ್ದು ಪೂರ್ತಿ ಸರಿ. ಪತ್ರಿಕೆ ಓದಿ ಓದಿ ಅವರಿಗೆ ಹಠಾತ್ ಅಂದರೆ ಎಣಿಸದೆ ಆದದ್ದು, ಯೋಚಿಸದೆ ಮಾಡಿದ್ದು. ಅವರು ಯೋಚಿಸಿಯೇ ನಿಲ್ಲಿಸಿದ್ದರು. ಚೀಟಿ ಬರೆದವರ ಮನಸ್ಸಿನಲ್ಲಿದ್ದದ್ದು ಬೇರೆ. ಅವರಿಗೆ ಬೇಕಾಗಿದ್ದ ಪದ ‘ಒಮ್ಮೆಲೇ’. ಹಠಾತ್ತಿಗೆ ಎದುರಾಗಿ ನಿಲ್ಲುವುದು ‘ಎಣಿಸಿದ ಹಾಗೆ’. ಒಮ್ಮೆಲೇಗೆ ಎದುರಾಗಿ ನಿಲ್ಲುವುದು ‘ಸ್ವಲ್ಪ ಸ್ವಲ್ಪವಾಗಿ’. ಇಂಗ್ಲಿಷಿನ ಒಂದೇ ಪದದೊಳಗೆ ಎರಡೂ ಅಡಗಿ ಕೂತಿರುತ್ತವೆ. ಕನ್ನಡಕ್ಕೆ ತರುವಾಗ ಯಾವುದು ಬೇಕು ಅಂತ ಆರಿಸಬೇಕು. ಆರಿಸದೆ ನಿಘಂಟಿನ ಮೊದಲ ಪದವನ್ನು ಎತ್ತಿ ಹಾಕಿದರೆ ಒಬ್ಬ ಮುದುಕಿ ಆಸ್ಪತ್ರೆ ಸೇರಬೇಕಾಗುತ್ತದೆ.

ಇನ್ನೊಂದು ಮಾತು. ಚೀಟಿ ಕೊಟ್ಟ ಕೌಂಟರಿನಲ್ಲಿ ಅಮ್ಮ ಅವತ್ತೇ ಕೇಳಿದ್ದರಂತೆ, “ಇದು ಎಷ್ಟು ದಿನ ತಿನ್ನಬೇಕು?” ಅಂತ. ಸಿಕ್ಕಿದ ಉತ್ತರ: “ಅದರಲ್ಲಿ ಬರೆದಿದೆ ಅಲ್ವಾ?” ಅಷ್ಟೇ. ಕೇಳಿದವರ ಕಡೆ ನೋಡಲೂ ಇಲ್ಲ. ಅಮ್ಮ ಮತ್ತೆ ಕೇಳಲಿಲ್ಲ. ನೋಡಿ, ಪದದ ತಪ್ಪಿಗೆ ಅಲ್ಲೊಂದು ಮದ್ದು ಇತ್ತು. ಇನ್ನೊಂದು ಮಾತು ಆಡಿದ್ದರೆ, ‘ಫಕ್ಕನೆ ಬಿಡ್ಬೇಡಿ ಅಮ್ಮ, ಮುಗಿಯುವ ಮೊದಲು ಒಮ್ಮೆ ಬಂದು ಕೇಳಿ’ ಅಂದಿದ್ದರೆ ಸಾಕಿತ್ತು. ಆ ಮಾತನ್ನು ಅರ್ಧಕ್ಕೇ ಮುರಿದರು.

ಈ ಮುರಿದ ಮಾತು ನನ್ನ ಇವತ್ತಿನ ಎರಡನೇ ವಿಷಯ.

ಎರಡು ಕಡ್ಡಿ ತಂದಿದ್ದೇನೆ. (ಇಲ್ಲಿ ನಾನು ಸಭೆಯ ಎದುರು ಎರಡು ಕಡ್ಡಿಗಳನ್ನು ಹಿಡಿದು ತೋರಿಸಿದೆ.) ಇದು ಇವತ್ತು ಬೆಳಿಗ್ಗೆ ತೆಂಗಿನ ಹಸಿ ಗರಿಯಿಂದ ಸೀಳಿ ತೆಗೆದದ್ದು. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಇದು ವರ್ಷ ಹಳೆಯ ಹಿಡಿಸೂಡಿಯದ್ದು, ಅಂದರೆ ಕಡ್ಡಿಪೊರಕೆಯದ್ದು. ಪಟಕ್. ಕೇಳಿತಾ? ಕೊನೆಯ ಸಾಲಿನವರೆಗೂ ಕೇಳಿದೆ. ಕನ್ನಡದಲ್ಲಿ ‘ಕಡ್ಡಿ ಮುರಿದ ಹಾಗೆ ಹೇಳಿದ’ ಅನ್ನುವುದು ಇದನ್ನು. ಲ್ಯಾಟಿನ್ ಆಡಿದವರ ನುಡಿಗೂ ನಮ್ಮ ಹಿರಿಯರ ನುಡಿಗೂ ನಂಟಿಲ್ಲ. ಆದರೂ ಅವರಿಗೂ ಇವರಿಗೂ ಹೊಳೆದದ್ದು ಮುರಿಯುವ ಚಿತ್ರವೇ.

ಆದರೆ ಒಂದು ಎಚ್ಚರ ಬೇಕು. ಕಡ್ಡಿ ಮುರಿದ ಹಾಗೆ ಅನ್ನುವುದು ಬೈಗುಳ ಅಲ್ಲ. ‘ಅವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು, ವರದಕ್ಷಿಣೆ ಕೇಳುವ ಮನೆಗೆ ಮಗಳನ್ನು ಕೊಡುದಿಲ್ಲ ಅಂತ.’ ಇಲ್ಲಿ ಅದು ಮೆಚ್ಚುಗೆ. ಮುರಿದ ಕಡ್ಡಿ ಮತ್ತೆ ಕೂಡುವುದಿಲ್ಲ, ಅವರ ಮಾತೂ ಹಾಗೆ, ಎಳೆದಾಡಲು ಬರುವುದಿಲ್ಲ. ಖಡಾಖಂಡಿತ, ನಿಷ್ಠುರ, ಖಡಕ್ ಎಲ್ಲ ಇದೇ ಸಾಲಿನವು. ಖಡಕ್ ಅಧಿಕಾರಿ ಅಂದರೆ ಹೊಗಳಿಕೆ. ಉತ್ತರ ಕರ್ನಾಟಕದವರ ಖಡಕ್ ರೊಟ್ಟಿಯನ್ನು ನೆನಪಿಸಿಕೊಳ್ಳಿ. ಮುರಿದರೆ ಕಟ್ ಅಂತ ಶಬ್ದ ಬರಬೇಕು, ಬಾರದಿದ್ದರೆ ರೊಟ್ಟಿ ಮೆತ್ತಗಾಗಿದೆ ಅಂತ ಅರ್ಥ. ನಮ್ಮ ಜನ ಮುರಿಯುವ ಶಬ್ದವನ್ನು ದ್ವೇಷಿಸಿದವರಲ್ಲ. ಯಾವ ವಿಷಯದಲ್ಲಿ ಮುರಿಯಬೇಕು ಅನ್ನುವ ಲೆಕ್ಕ ಅವರ ಹತ್ತಿರ ಇತ್ತು.

ಮಾತು ಗಿಡ್ಡ ಆದ ಮಾತ್ರಕ್ಕೆ ಒರಟು ಆಗುವುದಿಲ್ಲ. ಇದಕ್ಕೆ ನಮ್ಮ ಸಿಟಿ ಬಸ್ಸಿನ ಕಂಡಕ್ಟರುಗಳೇ ಸಾಕ್ಷಿ. ಅವರು ತುಳುವಿನಲ್ಲಿ ಕೂಗುವುದು: ‘ದುಂಬು ಪೋಲೆ’, ‘ಪಿರ ಪೋಲೆ’, ‘ಜಪ್ಪುಲೆ ಜಪ್ಪುಲೆ’. ಮುಂದೆ ಹೋಗಿ, ಹಿಂದೆ ಹೋಗಿ, ಇಳಿಯಿರಿ. ಹೊರಗಿನಿಂದ ಬಂದವರಿಗೆ ಇದು ಗದರಿದ ಹಾಗೆ ಕೇಳುತ್ತದೆ. ಹೊಸತಾಗಿ ಬಂದ ಸಹೋದ್ಯೋಗಿಯೊಬ್ಬರು ನನ್ನ ಹತ್ತಿರ “ನಿಮ್ಮೂರಿನ ಕಂಡಕ್ಟರುಗಳು ಯಾಕೆ ಹಾಗೆ ಬೈತಾರೆ?” ಅಂತ ಕೇಳಿದ್ದುಂಟು. ನಾನು ಹೇಳಿದೆ: ಕೊನೆಯ ‘ಲೆ’ ಕೇಳಿ. ಬಲ ಅಂದರೆ ಬಾ, ಬಲೆ ಅಂದರೆ ಬನ್ನಿ. ಅವನು ಎರಡೇ ಪದ ಆಡಿದ್ದಾನೆ, ಬಸ್ಸು ತುಂಬಿದೆ, ಇನ್ನೊಂದು ಸ್ಟಾಪು ಬರುತ್ತಿದೆ, ಮಳೆಗೆ ಟರ್ಪಾಲು ಇಳಿಸಬೇಕು. ಅಷ್ಟರಲ್ಲೂ ಗೌರವದ ಒಂದು ಅಕ್ಷರವನ್ನು ಬಿಡಲಿಲ್ಲ. ಅದೇ ಸಹೋದ್ಯೋಗಿ ‘ಪಕ್ಕ ಬಲೆ’ ಅಂದದ್ದಕ್ಕೆ ಪಕ್ಕಕ್ಕೆ ಸರಿದು ನಿಂತಿದ್ದರಂತೆ. ತುಳುವಿನಲ್ಲಿ ಪಕ್ಕ ಅಂದರೆ ಬೇಗ. ಬಸ್ಸು ಹೋಗಿಯೇಬಿಟ್ಟಿತು.

ಎಲೆಯ ಮುಂದೆ ಕೂತಾಗಲೂ ಹೀಗೆಯೇ. ಬಡಿಸುವವರು ಇನ್ನೊಂದು ಸೌಟು ಸಾರು ತಂದಾಗ ನಾವು ‘ಬೇಡ’ ಅನ್ನುವುದಿಲ್ಲ, ‘ಸಾಕು’ ಅನ್ನುತ್ತೇವೆ. ತುಳುವಿನಲ್ಲಿ ‘ಬೊಡ್ಚಿ’ ಅನ್ನದೆ ‘ಯಾವು’ ಅಂದ ಹಾಗೆ. ಎರಡೂ ಒಂದೊಂದೇ ಪದ. ಬೇಡ ಅಂದರೆ ನಿನ್ನದು ನನಗೆ ಬೇಡ ಅಂತ ಕೇಳುತ್ತದೆ. ಸಾಕು ಅಂದರೆ ನೀನು ಕೊಟ್ಟದ್ದರಿಂದ ಹೊಟ್ಟೆ ತುಂಬಿತು ಅಂತ ಕೇಳುತ್ತದೆ. ಹೊರಡುವಾಗ ‘ಹೋಗ್ತೇನೆ’ ಅನ್ನದೆ ‘ಬರ್ತೇನೆ’ ಅನ್ನುವುದೂ ಅಷ್ಟೇ. ಹೋಗುವುದನ್ನು ಹೇಳುತ್ತಲೇ ತಿರುಗಿ ಬರುವ ದಾರಿಯನ್ನು ಇಟ್ಟುಕೊಳ್ಳುತ್ತೇವೆ.

ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದ ಮಾತಿನ ಯಕ್ಷಗಾನ, ಕೇಳುವವರು ಇಲ್ಲಿ ತುಂಬಾ ಜನ ಇದ್ದೀರಿ. ಅಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗೆ ಬರೆದ ಸಂಭಾಷಣೆ ಇಲ್ಲ. ಭಾಗವತರು ಪದ ಹಾಡುತ್ತಾರೆ, ಮಾತು ಅಲ್ಲೇ ಹುಟ್ಟಬೇಕು. ವಾಲಿ ಕೇಳಿದ್ದಕ್ಕೆ ರಾಮ ಥಟ್ಟನೆ ಉತ್ತರ ಕೊಡಬೇಕು. ಆದರೆ ಒಳ್ಳೆಯ ಅರ್ಥಧಾರಿ ಎದುರಿನವನ ಬಾಯಿ ಮುಚ್ಚಿಸುವ ಹಾಗೆ ಉತ್ತರ ಕೊಡುವುದಿಲ್ಲ. ಹಾಗೆ ಕೊಟ್ಟರೆ ಆಟ ಅಲ್ಲಿಗೆ ನಿಂತಿತು. ತನ್ನ ಮಾತಿನ ತುದಿಯಲ್ಲಿ ಒಂದು ಎಳೆ ಬಿಡುತ್ತಾನೆ, ಎದುರಿನವನು ಅದನ್ನು ಹಿಡಿದುಕೊಂಡು ಶುರುಮಾಡುತ್ತಾನೆ. ಉತ್ತರ ಥಟ್ಟನೆ ಬರುತ್ತದೆ, ಮಾತು ಮಾತ್ರ ಎಲ್ಲೂ ಮುರಿಯುವುದಿಲ್ಲ. ರಾತ್ರಿ ಇಡೀ ಕೂತು ಕೇಳುವಾಗ ನನಗೆ ಆಶ್ಚರ್ಯ ಹುಟ್ಟಿಸುವುದು ಇದೇ.

ಈಗ ನಮ್ಮ ಫಕ್ಕನೆಗೆ ಬರುತ್ತೇನೆ. ಕನ್ನಡನಾಡಿನ ಬೇರೆ ಕಡೆಗಳಲ್ಲಿ ಈ ಪದ ಇಲ್ಲ ಅಂತಲ್ಲ. ಫಕ್ಕನೆ ನಕ್ಕಳು, ದೀಪ ಫಕ್ಕನೆ ಆರಿತು ಅಂತ ಎಲ್ಲ ಕಡೆ ಬರೆಯುತ್ತಾರೆ. ಆದರೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಅದು ದಿನಬಳಕೆಯ ಪದ, ಅದಕ್ಕೆ ಇಲ್ಲಿ ಬೇರೆ ಕೆಲಸಗಳೂ ಇವೆ. ಮನೆಯಲ್ಲಿ ತುಳು ಆಡಿ ‘ಪಕ್ಕ’ ಕೇಳಿ ಬೆಳೆದ ಕಿವಿಗೆ ಫಕ್ಕನೆ ಹತ್ತಿರದ್ದಾಗಿ ಕಂಡಿರಬೇಕು.

‘ಫಕ್ಕನೆ ಕರೆಂಟು ಹೋದ್ರೆ ಇರ್ಲಿ ಅಂತ ಮೇಣದಬತ್ತಿ ತೆಗೆದಿಟ್ಟಿದ್ದೇನೆ.’ ಇಲ್ಲಿ ಫಕ್ಕನೆ ಅಂದರೆ ಬೇರೆ ಕಡೆಯವರ ಅಕಸ್ಮಾತ್. ಇನ್ನೂ ಆಗದೇ ಇರುವುದಕ್ಕೆ ತಯಾರಾಗುವ ಪದ. ಜೂನ್ ತಿಂಗಳಲ್ಲಿ ನಮ್ಮ ಎಲ್ಲ ಮನೆಗಳಲ್ಲೂ ಈ ಮಾತು ಕೇಳುತ್ತದೆ. ‘ಫಕ್ಕನೆ ನೋಡಿದ್ರೆ ಅಣ್ಣನ ಹಾಗೆಯೇ ಕಾಣ್ತ.’ ಇಲ್ಲಿ ಫಕ್ಕನೆ ಅಂದರೆ ಮೊದಲ ನೋಟಕ್ಕೆ. ಸರಿಯಾಗಿ ನೋಡಿದರೆ ಬೇರೆ ಕಾಣಬಹುದು ಅನ್ನುವ ವಿನಯ ಅದರಲ್ಲಿದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ‘ಫಕ್ಕನೆ ಗೊತ್ತಾಗ್ಲಿಲ್ಲ.’ ‘ಫಕ್ಕನೆ ನೆನಪಾಗುದಿಲ್ಲ.’ ‘ಫಕ್ಕನೆ ಹೇಳ್ಲಿಕ್ಕೆ ಬರುದಿಲ್ಲ.’ ಹತ್ತು ವರ್ಷದ ಮೇಲೆ ಸಿಕ್ಕಿದ ನೆಂಟರ ಎದುರು ಗುರುತು ಸಿಗದೆ ನಿಂತಾಗ ನಾವು ಏನು ಹೇಳುತ್ತೇವೆ? ‘ಗೊತ್ತಾಗ್ಲಿಲ್ಲ’ ಅಂದರೆ ಅವರಿಗೆ ಪೆಟ್ಟಾಗುತ್ತದೆ, ನನ್ನನ್ನು ಮರೆತರು ಅಂತ. ‘ಫಕ್ಕನೆ ಗೊತ್ತಾಗ್ಲಿಲ್ಲ ಅಕ್ಕ’ ಅಂದರೆ ಪೆಟ್ಟಿಲ್ಲ. ನಿಮ್ಮನ್ನು ಮರೆತದ್ದಲ್ಲ, ಒಂದು ಗಳಿಗೆ ತಡ ಆಯಿತು ಅಷ್ಟೇ ಅಂತ ಆ ಒಂದು ಪದ ಹೇಳುತ್ತದೆ. ಕೇಳಿದವರಿಗೂ ನಗು ಬರುತ್ತದೆ, “ನಾನೂ ಸಪೂರ ಆಗಿದ್ದೇನಲ್ಲ” ಅಂತ ಅವರೇ ದಾರಿ ಮಾಡಿಕೊಡುತ್ತಾರೆ.

ಇಲ್ಲಿ ನಡೆದದ್ದನ್ನು ಗಮನಿಸಿ. ಫಕ್ಕನೆ ಅನ್ನುವುದು ಮುರಿತದ ಪದ, ಕ್ಕ ಇರುವ ಪದ. ಅದನ್ನೇ ತೆಗೆದು ನಮ್ಮವರು ‘ಇಲ್ಲ’ದ ಹಿಂದೆ ಇಟ್ಟರು. ಇಟ್ಟ ಕೂಡಲೇ ಒರಟಾಗಿದ್ದ ‘ಇಲ್ಲ’ ಮೆತ್ತಗಾಯಿತು. ನನ್ನ ಹತ್ತಿರ ಇಲ್ಲವೇ ಇಲ್ಲ ಅಂತಲ್ಲ, ಈಗ ಈ ಕ್ಷಣಕ್ಕೆ ಇಲ್ಲ, ಸ್ವಲ್ಪ ನಿಲ್ಲಿ. ಅವಸರದ ಪದವೇ ಅವಸರ ಬೇಡ ಅನ್ನಲು ಕೆಲಸಕ್ಕೆ ಬಂತು. ಇದನ್ನು ಯಾವ ವ್ಯಾಕರಣದವರೂ ಕೂತು ಮಾಡಿದ್ದಲ್ಲ. ಮೀನು ಮಾರುವವರು, ಬೀಡಿ ಕಟ್ಟುವವರು, ಬಾಗಿಲಲ್ಲಿ ನಿಂತು ನೆಂಟರನ್ನು ಕರೆದವರು ಆಡಿ ಆಡಿ ಮಾಡಿದ್ದು. ನಮ್ಮ ಮಕ್ಕಳು ಬೆಂಗಳೂರಿಗೆ ಹೋಗಿ ಈ ಪದವನ್ನು ನಾಚಿಕೆಯಿಂದ ಬಿಟ್ಟುಬಿಡುವುದನ್ನು ನೋಡುವಾಗ ನನಗೆ ಸಂಕಟ ಆಗುತ್ತದೆ. ದಯವಿಟ್ಟು ಬಿಡಬೇಡಿ ಅಂತ ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಇವತ್ತು ಇಲ್ಲೂ ಹೇಳುತ್ತಿದ್ದೇನೆ.

ಆ ಹುಡುಗಿಯ ಕತೆ ಬಾಕಿ ಉಳಿದಿದೆ.

ಮಾರನೆಯ ದಿನ ಅವಳು ಬಂದಳು. ನಾನು ರಾತ್ರಿ ಯೋಚಿಸಿ ‘ಅವನು ಅವಳ ಹತ್ತಿರ ಕಡ್ಡಿ ಮುರಿದ ಹಾಗೆ ಮಾತಾಡಿದ’ ಅಂತ ಬರೆದಿಟ್ಟಿದ್ದೆ. ಅವಳಿಗೆ ತೋರಿಸಿದೆ. ಅವಳು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಸರ್, ಕಡ್ಡಿ ಮುರಿದ ಹಾಗೆ ಅಂದ್ರೆ ಅವನು ಎಂತದೋ ಒಂದು ತೀರ್ಮಾನ ಹೇಳಿದ ಹಾಗೆ ಆಗ್ತದೆ ಅಲ್ವಾ? ಕತೆಯಲ್ಲಿ ಅವನು ಎಂತದೂ ಹೇಳುದಿಲ್ಲ.”

ಅವಳು ಹೇಳಿದ್ದು ನಿಜ. ಕತೆಯ ಹೆಂಗಸು ಅವನ ಮನೆಗೆ ಬರುತ್ತಾಳೆ. ಅವನು ಬಾಗಿಲಲ್ಲೇ ನಿಂತು ಹೂಂ, ಊಹೂಂ ಅಂದು ಒಳಗೆ ಹೋಗುತ್ತಾನೆ.

“ಹಾಗಾದ್ರೆ ನೀನೇ ಹೇಳು. ಯಾರಾದರೂ ನಿಮ್ಮ ಮನೆಯಲ್ಲಿ ಹಾಗೆ ಮಾಡಿದ್ರೆ ಎಂತ ಹೇಳ್ತಾರೆ?”

ಅವಳು ಕಿಟಕಿಯ ಹೊರಗೆ ಮಳೆ ನೋಡಿದಳು. ಆಮೇಲೆ ಹೇಳಿದಳು:

“ನಮ್ಮ ಅಜ್ಜಿ ಆದ್ರೆ, ‘ಅವ ಮುಖ ಕೊಟ್ಟು ಮಾತಾಡ್ಲೇ ಇಲ್ಲ’ ಅಂತ ಹೇಳ್ತಾರೆ ಸರ್.”

ಇಂಗ್ಲಿಷ್ ಸಾಲಿನಲ್ಲಿ ಅವನು ‘ಏನೋ ಒಂದು ಆಗಿದ್ದ’. ಅಜ್ಜಿಯ ಕನ್ನಡದಲ್ಲಿ ಅವನು ಮಾಡಬೇಕಾದದ್ದನ್ನು ಮಾಡಲಿಲ್ಲ. ಬನ್ನಿ ಅನ್ನಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ, ನೆಟ್ಟಗೆ ಒಂದು ಮಾತಾಡಲಿಲ್ಲ, ಮುಖ ಕೊಡಲಿಲ್ಲ. ನಮ್ಮ ನುಡಿ ಒರಟುತನವನ್ನು ಎಷ್ಟೋ ಸಲ ಹೀಗೆ, ಏನು ತಪ್ಪಿಹೋಯಿತು ಅನ್ನುವುದನ್ನು ತೋರಿಸಿಯೇ ಹೇಳುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ನಾನು ಬರೆದದ್ದನ್ನು ಹೊಡೆದು ಹಾಕಿದೆ. ಪೆನ್ನನ್ನು ಅವಳ ಕೈಗೇ ಕೊಟ್ಟೆ. ಅವಳು ಪುಸ್ತಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು: ಅವನು ಅವಳಿಗೆ ಮುಖ ಕೊಟ್ಟು ಮಾತಾಡಲಿಲ್ಲ.